ಕೊಬ್ಬು ಕರಗುವ ಕ್ರಮ

ಕನ್ನಡದಲ್ಲಿ ‘ಕೊಬ್ಬು’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಒಂದು, ಮೈಯಲ್ಲಿ ಸೇರುವ ಮೇದಸ್ಸು, ಇನ್ನೊಂದು, ಸೊಕ್ಕು. ಹಳಗನ್ನಡದ ‘ಕೊರ್ಬು’ ಎಂಬ ರೂಪಕ್ಕೂ ಈ ಎರಡು ಅರ್ಥಗಳಿದ್ದವು. ನೆರೆಯ ತಮಿಳಿನ ‘ಕೊೞುಪ್ಪು’ ಕೂಡ ಹೀಗೆಯೇ. ‘ನಿನ್ನ ಕೊಬ್ಬು ಇಳಿಸುತ್ತೇನೆ, ನೋಡು’ ಎಂದು ಗದರಿಸುವವನು ವೈದ್ಯನಲ್ಲವೆಂಬುದು ಮಕ್ಕಳಿಗೂ ಗೊತ್ತು. ಭಾಷೆಯೇ ಎರಡನ್ನೂ ಒಂದೇ ಗೂಟಕ್ಕೆ ಕಟ್ಟಿರುವುದರಿಂದಲೋ ಏನೋ, ಮೈ ಬೆಳೆದವರನ್ನು ಕಂಡಾಗ ನಾವು ಅವರ ನಡತೆಯ ಮೇಲೆಯೇ ತೀರ್ಪು ಕೊಟ್ಟುಬಿಡುತ್ತೇವೆ. ವಿಚಿತ್ರವೆಂದರೆ, ಅವರು ಊಟ ತಗ್ಗಿಸಿ, ನಿತ್ಯವೂ ನಡೆದು, ಮೈ ಇಳಿಸತೊಡಗಿದಾಗಲೂ ನಮ್ಮ ತೀರ್ಪು ನಿಲ್ಲುವುದಿಲ್ಲ. ‘ಮುಖವೆಲ್ಲ ಬತ್ತಿಹೋಗಿದೆಯಲ್ಲ, ಏನು ಕಾಯಿಲೆ?’ ಎಂಬ ಪ್ರಶ್ನೆ ಸಿದ್ಧವಾಗಿಯೇ ಇರುತ್ತದೆ.

ಆ ಪ್ರಶ್ನೆ ಎಷ್ಟು ಹಾನಿ ಮಾಡಬಲ್ಲುದೆಂಬುದಕ್ಕೆ ನನ್ನ ಪರಿಚಯದ ಅಧ್ಯಾಪಕರೊಬ್ಬರ ಸಂಗತಿಯನ್ನು ಹೇಳುತ್ತೇನೆ. ರಕ್ತದಲ್ಲಿ ಸಕ್ಕರೆ ಏರಿದೆ, ಮೈ ಇಳಿಸಲೇಬೇಕು ಎಂದು ವೈದ್ಯರು ಅವರಿಗೆ ಹೇಳಿದರು. ಅವರು ಶ್ರದ್ಧಾವಂತರು. ರಾತ್ರಿಯ ಅನ್ನ ಅರ್ಧವಾಯಿತು, ಸಂಜೆಯ ಬೋಂಡ ನಿಂತಿತು, ಬೆಳಗಿನ ನಡಿಗೆ ಒಂದು ಗಂಟೆಗೆ ಬೆಳೆಯಿತು. ನಾಲ್ಕು ತಿಂಗಳಲ್ಲಿ ಕೆನ್ನೆಗಳು ಒಳಸರಿದವು, ಕೊರಳ ಎಲುಬು ಕಂಡಿತು, ಉಂಗುರ ಬೆರಳಿನಿಂದ ಜಾರತೊಡಗಿತು. ಹೊಟ್ಟೆ ಮಾತ್ರ, ಅವರ ಮಾತಿನಲ್ಲಿಯೇ ಹೇಳುವುದಾದರೆ, ಬಾಡಿಗೆಯನ್ನೂ ಕೊಡದೆ ಮನೆಯನ್ನೂ ಬಿಡದೆ ಕುಳಿತ ಹಳೆಯ ಬಿಡಾರದವನಂತೆ ಇದ್ದಲ್ಲೇ ಇತ್ತು. ಮದುವೆಯೊಂದಕ್ಕೆ ಹೋದಾಗ ಹತ್ತು ಜನ ‘ಏನು ಕಾಯಿಲೆ?’ ಎಂದರು. ಮನೆಯವರು ಹೆದರಿದರು. ಆಗಬೇಕಾದ ಕಡೆ ಆಗದೆ ಬೇಡದ ಕಡೆ ಆಗುತ್ತಿದೆಯೆಂದು ಅವರಿಗೂ ಅನ್ನಿಸಿ, ಹಳೆಯ ತಟ್ಟೆ ಮರಳಿ ಬಂದಿತು. ವರ್ಷ ತುಂಬುವುದರೊಳಗೆ ತೂಕವೂ ಸಕ್ಕರೆಯೂ ಮೊದಲಿನ ಗುರುತನ್ನು ಮುಟ್ಟಿದವು. ಅವರು ಕೈಬಿಟ್ಟ ಹೊತ್ತಿಗೆ ಗೆಲ್ಲುತ್ತಿದ್ದರೆಂದೇ ನನ್ನ ಎಣಿಕೆ. ಅದು ಹೇಗೆಂಬುದನ್ನು ನಿಮಗೆ ತಿಳಿಸಬೇಕೆಂಬುದೇ ಈ ಬರಹದ ಉದ್ದೇಶ.

ಬಯಲುಸೀಮೆಯ ಕೆರೆಯನ್ನು ಬೇಸಗೆಯಲ್ಲಿ ನೋಡಿದ್ದೀರಷ್ಟೆ? ನೀರಿನ ಮಟ್ಟ ಇಡೀ ಕೆರೆಯಲ್ಲಿ ಒಂದೇ ಸಮನಾಗಿ ಇಳಿಯುತ್ತದೆ. ಆದರೆ ಮೊಣಕಾಲುದ್ದ ನೀರಿದ್ದ ದೂರದ ಅಂಗಳದಲ್ಲಿ ಮಣ್ಣು ಕಂಡು ಬಿರುಕು ಬಿಟ್ಟಿರುತ್ತದೆ; ಏರಿಯ ಬುಡದಲ್ಲಿ, ತೂಬಿನ ಬಳಿ, ಆಳುದ್ದ ನೀರು ಇನ್ನೂ ನಿಂತಿರುತ್ತದೆ. ಏರಿಯ ಮೇಲೆ ನಿಂತು ಕೆಳಗೆ ನೋಡಿದವನು ‘ಇಲ್ಲಿ ನೀರು ಇಳಿದೇ ಇಲ್ಲ’ ಎನ್ನುತ್ತಾನೆ. ಕೆನ್ನೆ, ಕೊರಳು, ಮುಂಗೈ ಇವು ನಮ್ಮ ಮೈಯ ಅಂಗಳ. ಅಲ್ಲಿ ಕೊಬ್ಬಿನ ಪದರ ತೆಳು; ಕೊಂಚ ಕರಗಿದರೂ ಎಲುಬಿನ ಆಕಾರ ಎದ್ದು ಕಾಣುತ್ತದೆ. ಹೊಟ್ಟೆ, ತೊಡೆ, ನಿತಂಬಗಳಲ್ಲಿ ಅದರ ನಾಲ್ಕರಷ್ಟು ಕರಗಿದರೂ ಕಣ್ಣಿಗೆ ಹಿಡಿಸದು.

ಹೋಲಿಕೆ ಇಷ್ಟಕ್ಕೇ ನಿಲ್ಲಬೇಕು. ಕೆರೆಗೆ ಮಟ್ಟವೊಂದೇ, ಮೈಯಲ್ಲಾದರೋ ಒಂದೊಂದು ಭಾಗಕ್ಕೂ ತೂಬು ಬೇರೆ ಬೇರೆ.

ಕೊಬ್ಬು ಇರುವುದು ಜೀವಕೋಶಗಳಲ್ಲಿ. ಒಂದೊಂದು ಕೋಶವೂ ಎಣ್ಣೆ ತುಂಬಿದ ಸಣ್ಣ ಗುಡಾಣವೆನ್ನಬಹುದು. ಮೈ ಇಳಿದಾಗ ಗುಡಾಣದ ಎಣ್ಣೆ ಕಡಮೆಯಾಗುತ್ತದೆಯೇ ಹೊರತು ಗುಡಾಣಗಳ ಎಣಿಕೆ ಕಡಮೆಯಾಗುವುದಿಲ್ಲ. ಇದನ್ನು ಕಂಡುಕೊಂಡ ಬಗೆ ಸ್ವಾರಸ್ಯವಾದುದು. ೧೯೫೫ರಿಂದ ೧೯೬೩ರವರೆಗೆ ದೊಡ್ಡ ರಾಷ್ಟ್ರಗಳು ಬಯಲಿನಲ್ಲಿ ಅಣುಬಾಂಬುಗಳನ್ನು ಸಿಡಿಸಿದುದರಿಂದ ಗಾಳಿಯಲ್ಲಿ ಕಾರ್ಬನ್-೧೪ ಎಂಬ ವಿಕಿರಣ ಇಂಗಾಲ ಹೆಚ್ಚಿ, ಪರೀಕ್ಷೆಗಳು ನಿಂತ ಮೇಲೆ ವರ್ಷವರ್ಷಕ್ಕೂ ಇಳಿಯುತ್ತ ಬಂದಿತು. ಅದು ಗಿಡಗಳಿಂದ ಅನ್ನಕ್ಕೂ, ಅನ್ನದಿಂದ ನಮ್ಮ ಕೋಶಗಳಿಗೂ ಸೇರಿತು. ಕೋಶದಲ್ಲಿ ಅದರ ಪ್ರಮಾಣವೆಷ್ಟೆಂದು ಅಳೆದರೆ ಆ ಕೋಶ ಹುಟ್ಟಿದ ವರ್ಷ ತಿಳಿಯುತ್ತದೆ. ಸ್ಟಾಕ್‌ಹೋಮಿನ ಕರೊಲಿನ್ಸ್ಕಾ ಸಂಸ್ಥೆಯ ಕರ್ಸ್ಟಿ ಸ್ಪಾಲ್ಡಿಂಗ್ ಮತ್ತು ಅವರ ಸಂಗಡಿಗರು ಹೀಗೆ ಎಣಿಸಿ ೨೦೦೮ರಲ್ಲಿ ಪ್ರಕಟಿಸಿದುದೇನೆಂದರೆ: ವರ್ಷಕ್ಕೆ ನೂರರಲ್ಲಿ ಸುಮಾರು ಹತ್ತು ಕೊಬ್ಬಿನ ಕೋಶಗಳು ಸತ್ತು ಅಷ್ಟೇ ಹೊಸವು ಹುಟ್ಟುತ್ತವೆ, ಬಾಲ್ಯ ತಾರುಣ್ಯಗಳಲ್ಲಿ ಗೊತ್ತಾದ ಒಟ್ಟು ಸಂಖ್ಯೆ ಪ್ರಾಯದಲ್ಲಿ ಹೆಚ್ಚುಕಡಮೆ ಬದಲಾಗದು, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಹಳ ತೂಕ ಇಳಿಸಿದವರಲ್ಲಿ ಕೂಡ. ಬರಿದಾದ ಗುಡಾಣ ಮತ್ತೆ ತುಂಬಲು ಕಾದಿರುತ್ತದೆಂಬುದನ್ನು ನೆನಪಿಡಿರಿ.

ಈ ಗುಡಾಣಗಳ ಬಾಯಿ ತೆರೆಯುವವರು ಯಾರು? ಹಸಿದಾಗ, ಬಿರುಸಾಗಿ ನಡೆದಾಗ, ಅಡ್ರಿನಲಿನ್ ಜಾತಿಯ ರಸಗಳು ನರಗಳ ತುದಿಯಿಂದಲೂ ಗ್ರಂಥಿಗಳಿಂದಲೂ ಹೊರಡುತ್ತವೆ. ಕೋಶದ ಮೇಲ್ಮೈಯಲ್ಲಿ ಅವನ್ನು ಹಿಡಿಯುವ ಗ್ರಾಹಕಗಳು ಎರಡು ಬಗೆ. ಬೀಟಾ ಎಂಬವು ‘ಕೊಡು’ ಎನ್ನುತ್ತವೆ; ಆಲ್ಫಾ-೨ ಎಂಬವು ‘ಕೊಡಬೇಡ’ ಎನ್ನುತ್ತವೆ. ಆಜ್ಞೆ ಒಂದೇ, ಕೇಳುವ ಕಿವಿ ಎರಡು. ಹೊಟ್ಟೆಯ ಒಳಗೆ, ಕರುಳುಗಳ ನಡುವೆ ಇರುವ ಕೊಬ್ಬಿನಲ್ಲಿ ‘ಕೊಡು’ ಎಂಬುದರ ಕೈ ಮೇಲು. ಹೆಂಗಸರ ತೊಡೆ ನಿತಂಬಗಳಲ್ಲಿ ‘ಕೊಡಬೇಡ’ ಎಂಬುದರದು. ಇದರ ಮೇಲೆ ಊಟವಾದಾಗ ಇನ್ಸುಲಿನ್ ಎಂಬುದು ಬಂದು ಬಾಯಿಗಳನ್ನೆಲ್ಲ ಮುಚ್ಚಿಸುತ್ತದೆ. ಕರುಳ ನಡುವಣ ಕೊಬ್ಬು ಅದರ ಮಾತನ್ನೂ ಅರೆಬರೆಯಾಗಿ ಮಾತ್ರ ಕೇಳುತ್ತದೆ. ಆದುದರಿಂದಲೇ ಒಂದು ಕಡೆ ಬೇಗ, ಒಂದು ಕಡೆ ನಿಧಾನ.

ಎಲ್ಲಿ ಸೇರುತ್ತದೆಂಬುದನ್ನು ಹಿಂದಿನವರು ಗಮನಿಸದೆ ಇರಲಿಲ್ಲ. ಚರಕಸಂಹಿತೆಯ ಸೂತ್ರಸ್ಥಾನದ ೨೧ನೆಯ ಅಧ್ಯಾಯ ಅತಿಸ್ಥೂಲನನ್ನು ಗುರುತಿಸುವುದು ಅವನ ತೂಕದಿಂದಲ್ಲ, ನಡೆವಾಗ ಅಲುಗುವ ನಿತಂಬ, ಉದರ, ಸ್ತನಗಳಿಂದ. ಗಂಡಸರಿಗೆ ಹೊಟ್ಟೆ, ಹೆಂಗಸರಿಗೆ ಸೊಂಟದ ಕೆಳಗು ಎಂಬ ಭೇದವನ್ನು ವೈದ್ಯಶಾಸ್ತ್ರದ ಮುಂದಿಟ್ಟು, ಹೊಟ್ಟೆಯ ಕೊಬ್ಬೇ ಮಧುಮೇಹಕ್ಕೂ ಹೃದ್ರೋಗಕ್ಕೂ ನೆಂಟ ಎಂದು ತೋರಿಸಿದವರು ಫ್ರಾನ್ಸಿನ ಮಾರ್ಸೇಯ್ ನಗರದ ವೈದ್ಯ ಜಾನ್ ವಾಗ್, ೧೯೪೭ರಲ್ಲಿ. ಹೆಣ್ಣಿನ ತೊಡೆಯ ಕೊಬ್ಬು ಹಟಮಾರಿಯಾಗಿರುವುದಕ್ಕೆ ಕಾರಣವಿಲ್ಲದಿಲ್ಲ. ಅದು ಬಾಣಂತಿತನದ ಬುತ್ತಿ. ಬೇರೆ ಕಾಲದಲ್ಲಿ ಬಾಯಿ ಬಿಡದ ಆ ಕೋಶಗಳು ಮಗು ಹಾಲು ಕುಡಿಯುವ ತಿಂಗಳುಗಳಲ್ಲಿ ಸುಲಭವಾಗಿ ಬಾಯಿ ಬಿಡುತ್ತವೆ. ಮುಟ್ಟು ನಿಂತು ಈಸ್ಟ್ರೊಜನ್ ಕಡಮೆಯಾದ ಮೇಲೆ ಬುತ್ತಿಯ ಸ್ಥಾನ ಬದಲಾಗಿ ಹೊಟ್ಟೆಗೆ ಸರಿಯುತ್ತದೆ. ‘ತಿನ್ನುವುದು ಅಷ್ಟೇ, ಸೀರೆಯ ನೆರಿಗೆ ಮಾತ್ರ ಕಡಮೆಯಾಯಿತು’ ಎನ್ನುವ ಗೃಹಿಣಿಯ ಮಾತಿನಲ್ಲಿ ಸುಳ್ಳಿಲ್ಲ.

ವಂಶದ ಪಾಲೂ ಉಂಟು. ಕೆನಡಾದ ಕ್ಲೋಡ್ ಬುಷಾರ್ ಮತ್ತು ಸಂಗಡಿಗರು ೧೯೯೦ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹನ್ನೆರಡು ಜೋಡಿ ತದ್ರೂಪಿ ಅವಳಿ ತರುಣರಿಗೆ ೮೪ ದಿನ, ದಿನಕ್ಕೆ ೧೦೦೦ ಕ್ಯಾಲೊರಿಯಷ್ಟು ಹೆಚ್ಚು ಊಟ ಹಾಕಿದರು. ಒಬ್ಬನು ೪.೩ ಕಿಲೋಗ್ರಾಂ ಏರಿದರೆ ಇನ್ನೊಬ್ಬನು ೧೩.೩ ಏರಿದನು. ಆದರೆ ಅಣ್ಣನಿಗೆ ಹೊಟ್ಟೆಯಲ್ಲಿ ಸೇರಿದ್ದರೆ ತಮ್ಮನಿಗೂ ಬಹುಮಟ್ಟಿಗೆ ಅಲ್ಲಿಯೇ. ಅದೇ ಊಟ, ಅದೇ ಮನೆ, ಬೇರೆ ಜೋಡಿಗೆ ಬೇರೆ ಜಾಗ.

ಹಾಗಾದರೆ ಹೊಟ್ಟೆಗೆ ಮಾತ್ರ ವ್ಯಾಯಾಮ ಕೊಟ್ಟು ಹೊಟ್ಟೆಯನ್ನೇ ಕರಗಿಸಬಹುದಲ್ಲವೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಟೆನಿಸ್ ಆಟಗಾರನ ಒಂದು ತೋಳು ವರ್ಷಗಟ್ಟಲೆ ಇನ್ನೊಂದಕ್ಕಿಂತ ಹೆಚ್ಚು ದುಡಿದಿರುತ್ತದೆ. ಆ ತೋಳಿನ ಕೊಬ್ಬು ತೆಳುವಾಗಿರಬೇಕಷ್ಟೆ? ೧೯೭೧ರಲ್ಲಿ ಅಮೆರಿಕದಲ್ಲಿ ಅಳೆದು ನೋಡಿದರು. ದುಡಿದ ತೋಳಿನ ಸ್ನಾಯು ದಪ್ಪವಾಗಿತ್ತು, ಅದರ ಮೇಲಿನ ಕೊಬ್ಬಿನ ಪದರ ಎರಡು ತೋಳುಗಳಲ್ಲಿಯೂ ಸಮನಾಗಿತ್ತು. ೧೯೮೪ರಲ್ಲಿ ಇನ್ನೊಂದು ತಂಡ, ಮಲಗಿ ಏಳುವ ವ್ಯಾಯಾಮವನ್ನು ೨೭ ದಿನಗಳಲ್ಲಿ ತಲಾ ೫೦೦೪ ಬಾರಿ ಮಾಡಿಸಿ, ಹೊಟ್ಟೆ, ಬೆನ್ನು, ನಿತಂಬಗಳ ಕೋಶಗಳನ್ನು ತೆಗೆದು ನೋಡಿತು. ಮೂರು ಕಡೆಯೂ ಕುಗ್ಗಿದ್ದು ಸರಿಸುಮಾರು ಒಂದೇ ಸಮ. ಈಚಿನ ಒಂದೆರಡು ಪ್ರಯೋಗಗಳಲ್ಲಿ ಅಲ್ಪಸ್ವಲ್ಪ ಭೇದ ಕಂಡುದುಂಟು, ಕನ್ನಡಿಯಲ್ಲಿ ಕಾಣುವಷ್ಟಲ್ಲ. ಸ್ನಾಯು ಬಲಿಯುವುದು ಒಳ್ಳೆಯದೇ. ಆದರೆ ಸ್ನಾಯುವಿಗೆ ಬೇಕಾದ ಎಣ್ಣೆ ಬರುವುದು ರಕ್ತದ ಮೂಲಕ, ಇಡೀ ಮೈಯ ಗುಡಾಣಗಳಿಂದ. ಪಕ್ಕದ ಗುಡಾಣಕ್ಕೆ ವಿಶೇಷ ಕರೆಯಿಲ್ಲ. ಹೀಗಿರುವಾಗ ಸೊಂಟಕ್ಕೆ ಕಟ್ಟುವ ನಡುಗುವ ಪಟ್ಟಿ, ಹೊಟ್ಟೆಗೆ ಹಚ್ಚುವ ತೈಲ, ಬೆವರಿಳಿಸುವ ರಬ್ಬರು ಕವಚ ಇವುಗಳ ಜಾಹೀರಾತಿಗೆ ಎಷ್ಟು ಬೆಲೆ ಕೊಡಬೇಕೆಂಬುದನ್ನು ನೀವೇ ನಿರ್ಣಯಿಸಿರಿ. ಕೊಬ್ಬು ಬೆವರಾಗಿ ಹರಿದುಹೋಗುವ ವಸ್ತುವೇ ಅಲ್ಲ. ೨೦೧೪ರಲ್ಲಿ ಆಸ್ಟ್ರೇಲಿಯದ ಇಬ್ಬರು ವಿಜ್ಞಾನಿಗಳು ಲೆಕ್ಕ ಹಾಕಿ ತೋರಿಸಿದಂತೆ, ಹತ್ತು ಕಿಲೋ ಕೊಬ್ಬು ಪೂರ್ಣವಾಗಿ ಉರಿದರೆ ೮.೪ ಕಿಲೋ ಇಂಗಾಲಾಮ್ಲವಾಗಿ ಉಸಿರಿನಲ್ಲಿ ಹೋಗುತ್ತದೆ, ಉಳಿದ ೧.೬ ಕಿಲೋ ಮಾತ್ರ ನೀರು.

ಈಗ ನಮ್ಮ ಅಧ್ಯಾಪಕರ ಹೊಟ್ಟೆಗೆ ಬರೋಣ. ಹೊಟ್ಟೆಯಲ್ಲಿ ಕೊಬ್ಬು ಎರಡು ಕಡೆ ಇರುತ್ತದೆ. ಚರ್ಮದ ಕೆಳಗೆ, ಬೆರಳುಗಳಲ್ಲಿ ಹಿಡಿಯಬಹುದಾದುದು ಒಂದು. ಸ್ನಾಯುವಿನ ಒಳಗೆ ಕರುಳುಗಳ ನಡುವೆ ಹುದುಗಿ, ಯಕೃತ್ತಿಗೆ ನೇರವಾಗಿ ತನ್ನ ಎಣ್ಣೆಯನ್ನು ಸುರಿಯುವುದು ಇನ್ನೊಂದು. ಅಪಾಯದ್ದು ಎರಡನೆಯದು. ತನ್ನ ಪಾಲಿಗೆ ಹೋಲಿಸಿದರೆ ಮೊದಲು ಕರಗುವುದೂ ಅದೇ. ಹೊರಗಿನ ಮಡಿಕೆ ಹಾಗೆಯೇ ಇದ್ದರೂ ಒಳಗಿನ ಶತ್ರು ಜಾಗ ಖಾಲಿ ಮಾಡುತ್ತಿರಬಹುದು. ಕನ್ನಡಿಗೆ ಅದು ಗೊತ್ತಾಗದು.

ನಮ್ಮ ದೇಶದವರಿಗೆ ಈ ಮಾತು ಇನ್ನಷ್ಟು ಮುಖ್ಯ. ಪುಣೆಯ ವೈದ್ಯ ಯಾಜ್ಞಿಕ್ ಅವರೂ ಲಂಡನ್ನಿನ ಯಡ್ಕಿನ್ ಅವರೂ ೨೦೦೪ರಲ್ಲಿ ತಮ್ಮಿಬ್ಬರ ಚಿತ್ರವನ್ನೇ ಒಂದು ವೈದ್ಯಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಎತ್ತರಕ್ಕೆ ತಕ್ಕ ತೂಕದ ಅಂಕ ಇಬ್ಬರಿಗೂ ಒಂದೇ, ೨೨.೩. ಮೈಯಲ್ಲಿದ್ದ ಕೊಬ್ಬು ಮಾತ್ರ ಯಡ್ಕಿನ್ನರಿಗೆ ನೂರಕ್ಕೆ ೯.೧, ಯಾಜ್ಞಿಕರಿಗೆ ೨೧.೨. ಇದು ಹುಟ್ಟಿನಿಂದಲೇ ಬರುವುದೆಂಬುದಕ್ಕೆ ನಮ್ಮ ಮೈಸೂರೇ ಸಾಕ್ಷಿ: ಅಲ್ಲಿಯ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ೧೯೯೭-೯೮ರಲ್ಲಿ ಹುಟ್ಟಿದ ಶಿಶುಗಳು ಇಂಗ್ಲೆಂಡಿನ ಶಿಶುಗಳಿಗಿಂತ ತೂಕದಲ್ಲಿಯೂ ತೋಳಿನ ಸುತ್ತಳತೆಯಲ್ಲಿಯೂ ಕಡಮೆಯಿದ್ದವು, ಬೆನ್ನಿನ ಕೊಬ್ಬಿನ ಪದರದಲ್ಲಿ ಮಾತ್ರ ಅಷ್ಟು ಹಿಂದೆ ಬಿದ್ದಿರಲಿಲ್ಲ. ಇನ್ನು ಚೆನ್ನೈಯಲ್ಲಿ ವೈದ್ಯ ರಾಮಚಂದ್ರನ್ ಅವರ ತಂಡ ೨೦೦೬ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನೋಡಿರಿ. ಮಧುಮೇಹದ ಹೊಸ್ತಿಲಲ್ಲಿದ್ದವರಲ್ಲಿ ಸುಮ್ಮನೆ ಬಿಟ್ಟವರ ಪೈಕಿ ನೂರಕ್ಕೆ ೫೫ ಮಂದಿ ಮೂರು ವರ್ಷದಲ್ಲಿ ಮಧುಮೇಹಿಗಳಾದರು. ಊಟ ನಡಿಗೆಗಳನ್ನು ತಿದ್ದಿಕೊಂಡವರ ಪೈಕಿ ನೂರಕ್ಕೆ ೩೯. ತಿದ್ದಿಕೊಂಡವರ ತೂಕ ಹೇಳಿಕೊಳ್ಳುವಷ್ಟು ಇಳಿದೇ ಇರಲಿಲ್ಲ!

ಆತುರದ ಉಪವಾಸಕ್ಕೂ ಎರಡು ಮಾತು. ಮೊದಲ ವಾರ ತಕ್ಕಡಿ ಸರ್ರನೆ ಇಳಿಯುವುದು ಬಹುಪಾಲು ನೀರಿನಿಂದ; ಸ್ನಾಯು ಯಕೃತ್ತುಗಳಲ್ಲಿ ಕೂಡಿಟ್ಟ ಪಿಷ್ಟ ಒಂದು ಗ್ರಾಮಿಗೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿರುತ್ತದೆ, ಅದು ಖರ್ಚಾದಾಗ ನೀರೂ ಹೊರಡುತ್ತದೆ. ಮುಂದಿನ ವಾರಗಳಲ್ಲಿ ತಕ್ಕಡಿ ನಿಂತರೆ ದಿಗಿಲು ಬೇಡ. ೧೯೪೫ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಆನ್ಸೆಲ್ ಕೀಸ್ ಎಂಬವರು ೩೬ ಮಂದಿ ಸ್ವಯಂಸೇವಕರನ್ನು ೨೪ ವಾರ ಅರೆಹೊಟ್ಟೆಯಲ್ಲಿರಿಸಿದರು. ತೂಕದ ಕಾಲುಭಾಗ ಹೋಯಿತು, ಸ್ನಾಯುವೂ ಹೋಯಿತು, ಕಾಲುಗಳಲ್ಲಿ ನೀರು ತುಂಬಿತು. ಮತ್ತೆ ಊಟ ಕೊಟ್ಟಾಗ ಮೊದಲು ಮರಳಿದ್ದು ಕೊಬ್ಬು, ತಡವಾಗಿ ಬಂದದ್ದು ಸ್ನಾಯು. ಬೇಳೆ, ಕಾಳು, ಮೊಸರು, ಒಪ್ಪುವವರಿಗೆ ಮೊಟ್ಟೆ ಮೀನು ಇವನ್ನು ತಟ್ಟೆಯಲ್ಲಿ ಉಳಿಸಿಕೊಂಡು, ಭಾರ ಎತ್ತುವ ಕೆಲಸವನ್ನೂ ಮೈಗೆ ಕೊಟ್ಟರೆ ಸ್ನಾಯು ಉಳಿಯುತ್ತದೆ. ಬತ್ತಿದ ಕೆನ್ನೆಯೂ ಸಡಿಲ ಚರ್ಮವೂ ನಿಧಾನವಾಗಿ ಇಳಿಸಿದವರಲ್ಲೂ ಕೊಂಚ ಇರುತ್ತವೆ. ಈಗ ಬಂದಿರುವ ತೂಕ ಇಳಿಸುವ ಚುಚ್ಚುಮದ್ದಿನವರೂ ಅದೇ ದೂರು ಹೇಳುತ್ತಾರೆ.

ಎಲ್ಲ ಏರುಪೇರೂ ಸಹಜವೆಂದು ಮಾತ್ರ ತಿಳಿಯಕೂಡದು. ಒಂದೇ ಕಾಲು ಊದಿದರೆ, ಕೈಕಾಲು ಸಣಕಲಾಗುತ್ತ ಹೊಟ್ಟೆಯೊಂದೇ ಬೆಳೆದರೆ, ಪ್ರಯತ್ನವಿಲ್ಲದೆ ತೂಕ ಇಳಿದರೆ ವೈದ್ಯರಲ್ಲಿಗೆ ಹೋಗತಕ್ಕದ್ದು. ಕೆಲವು ಹೆಂಗಸರಿಗೆ ಸೊಂಟದಿಂದ ಕಣಕಾಲಿನವರೆಗೆ ಎರಡು ಕಾಲುಗಳೂ ದಪ್ಪವಾಗಿ, ಪಾದ ಮಾತ್ರ ಹಾಗೆಯೇ ಉಳಿದು, ಒತ್ತಿದರೆ ನೋವು, ಸಣ್ಣ ಪೆಟ್ಟಿಗೂ ಕಂದು ಕಲೆ ಆಗುವುದುಂಟು. ೧೯೪೦ರಲ್ಲಿ ಅಮೆರಿಕದ ಮೇಯೊ ಚಿಕಿತ್ಸಾಲಯದ ಆಲೆನ್ ಮತ್ತು ಹೈನ್ಸ್ ಇದನ್ನು ಲಿಪೆಡೀಮ ಎಂದು ವರ್ಣಿಸಿದರು. ಇದು ಪಥ್ಯಕ್ಕೆ ಅಷ್ಟಾಗಿ ಜಗ್ಗದ ಬೇನೆ. ಇಂಥವರನ್ನು ‘ಇನ್ನೂ ಬಾಯಿ ಕಟ್ಟು’ ಎಂದು ಪೀಡಿಸುವುದು ಕ್ರೌರ್ಯ.

ಅಳೆಯಬೇಕೆಂದಿದ್ದರೆ ದರ್ಜಿಯ ಟೇಪು ಸಾಕು. ಕಡೆಯ ಪಕ್ಕೆಲುಬಿಗೂ ಸೊಂಟದ ಎಲುಬಿನ ಮೇಲಂಚಿಗೂ ನಟ್ಟನಡುವೆ ಸುತ್ತಿ, ಹೊಟ್ಟೆಯನ್ನು ಒಳಗೆಳೆದುಕೊಳ್ಳದೆ, ಸಹಜವಾಗಿ ಉಸಿರು ಬಿಟ್ಟ ಮೇಲೆ ಓದಿಕೊಳ್ಳಿರಿ. ನಮ್ಮ ದೇಶದವರಿಗೆ ಗಂಡಸಾದರೆ ೯೦, ಹೆಂಗಸಾದರೆ ೮೦ ಸೆಂಟಿಮೀಟರ್ ಎಚ್ಚರಿಕೆಯ ಗಡಿ. ತಿಂಗಳಿಗೊಮ್ಮೆ, ಒಂದೇ ಹೊತ್ತಿನಲ್ಲಿ, ತಿಂಡಿಗೆ ಮುಂಚೆ ಅಳೆದು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಡಿರಿ. ಟೇಪಿಲ್ಲದಿದ್ದರೆ ಹುರಿಯಿಂದ ಸುತ್ತಿ ಅಡಿಕೋಲಿನ ಮೇಲಿಟ್ಟು ನೋಡಿದರೂ ಆದೀತು. ಹಿಗ್ಗುವ ದಾರ ಮಾತ್ರ ಬೇಡ.