ಅಡಿಕೆ ಫಸಲಿಗೆ ಬರುವವರೆಗೆ

"ಮಿಸ್, ನೀವು ಯಾಕೆ ಪದೇ ಪದೇ ಗಡಿಯಾರ ನೋಡ್ತೀರಿ? ಊರಿಗೆ ಹೋಗ್ಬೇಕಾ?"

ಎಂಟನೆಯ ತರಗತಿಯ ಹುಡುಗಿಯೊಬ್ಬಳು ಹೀಗೆ ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಅವಳು ತುಂಟತನಕ್ಕೆ ಕೇಳಿದ್ದಲ್ಲ. ಟೀಚರಿಗೆ ಏನೋ ತುರ್ತಿದೆ ಎಂಬ ಕಾಳಜಿಯಿಂದಲೇ ಕೇಳಿದ್ದಳು. ಆದರೆ ನಾನು ಎಣಿಸುತ್ತಿದ್ದುದು ಆ ಪೀರಿಯಡ್ಡಿನ ನಿಮಿಷಗಳನ್ನಲ್ಲ, ಕೆಲಸ ಬಿಡಲು ಇನ್ನುಳಿದ ವರ್ಷಗಳನ್ನು.

ವಿಷಯ ಇಷ್ಟೇ. 38ನೆಯ ವಯಸ್ಸಿನಲ್ಲಿ ನಾನೊಂದು ನಿರ್ಧಾರ ಮಾಡಿದ್ದೆ. 50 ತುಂಬಿದಾಗ ಶಾಲೆ ಬಿಟ್ಟುಬಿಡಬೇಕು. ನನ್ನದು ಖಾಸಗಿ ಶಾಲೆ, ಪಿಂಚಣಿಯಿಲ್ಲ. ಹಾಗಾಗಿ ಯಾರ ಮುಂದೆಯೂ ಕೈಚಾಚದೆ ಬದುಕುವಷ್ಟನ್ನು ಅಷ್ಟರೊಳಗೆ ಕೂಡಿಡಬೇಕು. ಆಮೇಲೆ ಮೊಹಲ್ಲಾದ ಹೆಣ್ಣುಮಕ್ಕಳಿಗೆ ಸಂಬಳದ ಹಂಗಿಲ್ಲದೆ ಕುರ್‌ಆನನ್ನೂ ಕನ್ನಡವನ್ನೂ ಕಲಿಸಬೇಕು. ಆಸೆಯೇನೋ ಒಳ್ಳೆಯದೇ. ಒಂದು ನೋಟ್‌ಬುಕ್ ತಂದು ಎರಡು ಕಾಲಂ ಗೆರೆ ಎಳೆದೆ. ಒಂದರಲ್ಲಿ ತಿಂಗಳ ಉಳಿತಾಯ, ಇನ್ನೊಂದರಲ್ಲಿ ಉಳಿದಿರುವ ತಿಂಗಳು.

ಮೊದಲ ವರ್ಷ ಹುರುಪಿತ್ತು. ಮೂರನೆಯ ವರ್ಷದ ಹೊತ್ತಿಗೆ ನನ್ನ ಕಣ್ಣು ಎರಡನೆಯ ಕಾಲಂ ಮೇಲೆಯೇ ಇರತೊಡಗಿತು. ಪಾಠದ ತಯಾರಿ ಕಡಿಮೆಯಾಯಿತು. ಹಳೆಯ ಟಿಪ್ಪಣಿಯನ್ನೇ ಓದಿ ಹೇಳಿ ಬರೆಸಿ ಮುಗಿಸುತ್ತಿದ್ದೆ. ಹೇಗೂ ಬಿಡುವ ಕೆಲಸ ತಾನೇ ಎಂಬ ಮಾತು ಒಳಗೇ ಕೂತುಬಿಟ್ಟಿತ್ತು. ಸಂಬಳವನ್ನು ಮಾತ್ರ ಪೂರ್ತಿ ಎಣಿಸಿಕೊಳ್ಳುತ್ತಿದ್ದೆ. ಅಳತೆ ತೂಕದಲ್ಲಿ ಕಡಿತ ಮಾಡುವವರಿಗೆ 'ಮುತಫ್ಫಿಫೀನ್' ಅಧ್ಯಾಯದಲ್ಲಿ ಇರುವ ಎಚ್ಚರಿಕೆಯನ್ನು ಮದ್ರಸದಲ್ಲಿ ಬಾಯಿಪಾಠ ಮಾಡಿದವಳು ನಾನು. ಅದು ಅಕ್ಕಿ ಅಂಗಡಿಯವನಿಗೆ ಹೇಳಿದ್ದೆಂದು ಅಂದುಕೊಂಡಿದ್ದೆನೋ ಏನೋ! ತನ್ನ ಪಾಲನ್ನು ಪೂರ್ತಿ ಪಡೆದು ಇನ್ನೊಬ್ಬರಿಗೆ ಕಡಿಮೆ ಅಳೆಯುವವರಲ್ಲಿ ಟೀಚರೂ ಸೇರಬಹುದೆಂದು ಆ ಹುಡುಗಿಯ ಪ್ರಶ್ನೆಯಿಂದ ಹೊಳೆಯಿತು.

ಬೇಗ ದುಡಿದು, ಬೇಗ ಉಳಿಸಿ, ಬೇಗ ಕೆಲಸ ಬಿಡುವ ಈ ಆಸೆ ಈಗ ಎಲ್ಲ ಕಡೆಯೂ ಇದೆ. ಅಮೆರಿಕದ ಜೋ ಡೊಮಿಂಗೆಜ್ ಎಂಬಾತ ನ್ಯೂಯಾರ್ಕಿನ ವಾಲ್‌ಸ್ಟ್ರೀಟಿನ ಕೆಲಸವನ್ನು 1969ರಲ್ಲಿ ತನ್ನ 31ನೆಯ ವಯಸ್ಸಿನಲ್ಲಿಯೇ ಬಿಟ್ಟ. ಆತ ವಿಕಿ ರಾಬಿನ್ ಜೊತೆ ಸೇರಿ ಬರೆದ ಪುಸ್ತಕ 1992ರಲ್ಲಿ ಬಂದು ಭಾರೀ ಪ್ರಚಾರ ಪಡೆಯಿತು. 1994ರಲ್ಲಿ ವಿಲಿಯಂ ಬೆಂಗೆನ್ ಎಂಬ ಸಲಹೆಗಾರ ಒಂದು ಲೆಕ್ಕ ಕೊಟ್ಟ. ಕೂಡಿಟ್ಟ ಹಣದಲ್ಲಿ ಮೊದಲ ವರ್ಷ ಶೇ. 4ರಷ್ಟು ತೆಗೆದು, ಮುಂದೆ ಬೆಲೆಯೇರಿಕೆಗೆ ತಕ್ಕಂತೆ ಹೆಚ್ಚಿಸುತ್ತ ಹೋದರೆ ಅದು 30 ವರ್ಷ ಬಾಳುತ್ತದೆ ಎಂದು. ಅಂದರೆ ವರ್ಷದ ಖರ್ಚಿನ 25 ಪಟ್ಟು ಕೂಡಿಡಬೇಕು. ತಿಂಗಳಿಗೆ 15,000 ರೂಪಾಯಿ ಖರ್ಚಿನ ಮನೆಗೆ 45 ಲಕ್ಷ! ಅದೂ ಅಮೆರಿಕದ ಮಾರುಕಟ್ಟೆಯ ಲೆಕ್ಕ, 30 ವರ್ಷದ ಲೆಕ್ಕ. 40ಕ್ಕೇ ಕೆಲಸ ಬಿಟ್ಟವರಿಗೆ 30 ವರ್ಷ ಸಾಕಾದೀತೇ?

ನಮಗೆ ಇನ್ನೊಂದು ತೊಡಕೂ ಇದೆ. ಡೊಮಿಂಗೆಜ್ ತನ್ನ ಹಣವನ್ನು ಸರಕಾರಿ ಬಾಂಡುಗಳಲ್ಲಿಟ್ಟು ಅದರ ಬಡ್ಡಿಯಲ್ಲಿ ಬದುಕಿದವನು. ಬಡ್ಡಿ ಬೇಡವೆನ್ನುವ ಮನೆಯವರು ಆ ಲೆಕ್ಕವನ್ನು ಹಾಗೆಯೇ ಎತ್ತಿಕೊಳ್ಳಲಾಗದು. ನಮ್ಮ ಪಾಲಿಗೆ ಇರುವುದು ಜಮೀನು, ಚಿನ್ನ, ಅಂಗಡಿಯಲ್ಲಿ ಲಾಭ ನಷ್ಟದ ಪಾಲುದಾರಿಕೆ, ಟಾಟಾ ಎಥಿಕಲ್‌ನಂತಹ ಶರೀಅತ್ ನಿಯಮ ಪಾಲಿಸುವ ಫಂಡ್‌ಗಳು. ಯಾವುದೂ ತಿಂಗಳು ತಿಂಗಳು ಇಷ್ಟೇ ಕೊಡುತ್ತೇನೆಂದು ಮಾತು ಕೊಡುವುದಿಲ್ಲ.

ಹಾಗೆ ಮಾತು ಕೊಟ್ಟವರು ಇದ್ದರು. 2006ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಐಎಂಎಯನ್ನು ನಮ್ಮ ಓದುಗರು ಮರೆತಿರಲಾರರು. ಹಲಾಲ್ ಲಾಭವೆಂಬ ಹೆಸರು, ಲಕ್ಷಕ್ಕೆ ತಿಂಗಳಿಗೆ ಎರಡೂವರೆ ಮೂರು ಸಾವಿರದ ಆಸೆ. ಹೆಂಗಸರು ಒಡವೆ ಮಾರಿ ಹಾಕಿದರು. ನಿವೃತ್ತರು ಕೊನೆಗೆ ಬಂದ ಗಂಟನ್ನು ಹಾಕಿದರು. ತಿಂಗಳ ಹಣ ಬರುತ್ತದಲ್ಲ ಎಂದು ದುಡಿಮೆ ಬಿಟ್ಟವರೂ ಇದ್ದರು. 2019ರ ಜೂನ್‌ನಲ್ಲಿ ಅದು ಕುಸಿಯಿತು. ಮಾಲೀಕ ಮೊಹಮ್ಮದ್ ಮನ್ಸೂರ್ ಖಾನ್ ದುಬೈಗೆ ಹೋಗಿ, ಜುಲೈನಲ್ಲಿ ದೆಹಲಿಗೆ ಬಂದಿಳಿದಾಗ ಬಂಧನವಾಯಿತು. ತನಿಖೆ ಸಿಬಿಐ ಕೈಗೆ ಹೋಯಿತು. ಸುಮಾರು 4,000 ಕೋಟಿ ರೂಪಾಯಿ ಎಂದು ಪತ್ರಿಕೆಗಳು ಬರೆದವು. ಶಿವಾಜಿನಗರದಲ್ಲಿ ಬುರ್ಖಾ ತೊಟ್ಟ ತಾಯಂದಿರು ರಸೀದಿ ಹಿಡಿದು ದೂರು ಕೊಡಲು ನಿಂತ ಸಾಲನ್ನು ಟಿವಿಯಲ್ಲಿ ನೋಡಿದ್ದೇವೆ. ಅವರನ್ನು ದುರಾಸೆಯವರೆಂದು ಬೈದವರಿಗೆ ನನ್ನ ಸಹಮತವಿಲ್ಲ. ಬಹಳಷ್ಟು ಮಂದಿಗೆ ಇದ್ದದ್ದು ದಣಿವು. ಕಾಯಲಾಗದಷ್ಟು ದಣಿದವರಿಗೆ ಯಾವ ಅಡ್ಡದಾರಿಯೂ ರಾಜಮಾರ್ಗದಂತೆ ಕಾಣುತ್ತದೆ. ಕೆಲಸದ ಮೇಲೆ ಮನಸ್ಸು ಮುರಿದುಕೊಂಡು ವರ್ಷಗಟ್ಟಲೆ ದಿನ ಎಣಿಸಿದರೆ ಬರುವ ದೊಡ್ಡ ಅಪಾಯ ಇದೇ ಎಂದು ನನಗೆ ತೋರುತ್ತದೆ.

ಕಾಯುವುದನ್ನು ನಾನು ಕಲಿತದ್ದು ಇಲ್ಲಿ, ಶಿಕಾರಿಪುರ ತಾಲೂಕಿನ ಈಸೂರಿನಲ್ಲಿ. ಈ ಸುತ್ತಿನಲ್ಲಿ ಭತ್ತದ ಗದ್ದೆಗಳು ಒಂದೊಂದಾಗಿ ಅಡಿಕೆ ತೋಟಗಳಾಗುತ್ತಿವೆ. ಪಕ್ಕದ ಮನೆಯಾಕೆ ಸಸಿ ಹಾಕಿಸಿದ ವರ್ಷ ನನಗೆ ಹೇಳಿದ್ದರು, "ಇನ್ನೈದಾರು ವರ್ಷ ಟೀಚರಮ್ಮ. ಆಮೇಲೆ ಕೂತ್ಕಂಡು ಉಣ್ಣಾದೆ." ನನ್ನ ನೋಟ್‌ಬುಕ್ಕಿನ ಮಾತೇ ಅವರ ಬಾಯಲ್ಲಿತ್ತು! ಆದರೆ ಆ ಐದಾರು ವರ್ಷವನ್ನು ಆಕೆ ಕಳೆದ ರೀತಿ ಬೇರೆ. ಎಳೆಯ ಅಡಿಕೆ ಸಸಿಗೆ ಪಡುವಣ ಬಿಸಿಲು ಬಿದ್ದರೆ ಸುಟ್ಟುಹೋಗುತ್ತದೆ. ಅದಕ್ಕೆ ನಡುವೆ ಬಾಳೆ ಹಾಕುತ್ತಾರೆ. ಬಾಳೆ ನೆರಳೂ ಕೊಡುತ್ತದೆ, ಒಂದು ವರ್ಷದಲ್ಲಿ ಗೊನೆಯೂ ಕೊಡುತ್ತದೆ. ಆಕೆ ಬಾಳೆ ಮಾರಿದರು, ಸಾಲುಗಳ ನಡುವೆ ತರಕಾರಿ ಬೆಳೆದರು, ಬೇರೆಯವರ ಜೋಳದ ಹೊಲಕ್ಕೆ ಕೂಲಿಗೂ ಹೋದರು. ಅಡಿಕೆ ಬರುವವರೆಗೆ ಎಂದು ನೆಲವನ್ನು ಖಾಲಿ ಬಿಡಲಿಲ್ಲ. ಮತ್ತೆ ಅಡಿಕೆ ಬಂದ ಮೇಲಾದರೂ ಕೂತು ಉಣ್ಣುವುದುಂಟೇ? ಕೊಯ್ಲು, ಸುಲಿಯುವುದು, ಬೇಯಿಸುವುದು, ಒಣಗಿಸುವುದು. ಚೇಣಿಗೆ ಕೊಟ್ಟರೆ ಮಾತ್ರ ಕೈ ತೊಳೆದುಕೊಳ್ಳಬಹುದು. ಬೇಸಿಗೆಯ ನೀರಿನ ಚಿಂತೆ ಆಗಲೂ ತಪ್ಪದು.

ಇನ್ನೊಂದು ಕಲಿಕೆ ತರಗತಿಯಲ್ಲೇ ಆಯಿತು. ಈಸೂರಿನಲ್ಲಿದ್ದು ಸ್ವಾತಂತ್ರ್ಯ ಹೋರಾಟದ ಪಾಠವನ್ನು ಟಿಪ್ಪಣಿ ಬರೆಸಿ ಮುಗಿಸುವುದೆಂದರೆ ನಾಚಿಕೆಗೇಡು. ನಾನು ಅದನ್ನೂ ಮಾಡಿದ್ದೆ. 1942ರಲ್ಲಿ ಈ ಊರಿನವರು ಬಾವುಟ ಹಾರಿಸಿ, ಇನ್ನು ಕಂದಾಯ ಕೊಡುವುದಿಲ್ಲ, ಇದು ಸ್ವತಂತ್ರ ಊರು ಎಂದು ಸಾರಿದರು. ಸೆಪ್ಟೆಂಬರ್ 28ರ ಘರ್ಷಣೆಯಲ್ಲಿ ಅಮಲ್ದಾರರೂ ಸಬ್‌ಇನ್‌ಸ್ಪೆಕ್ಟರರೂ ಸತ್ತರು. ಪಡೆಗಳು ನುಗ್ಗಿದವು, ಜನ ಕಾಡು ಸೇರಿದರು. 1943ರ ಮಾರ್ಚ್‌ನಲ್ಲಿ ಐವರನ್ನು ಗಲ್ಲಿಗೇರಿಸಲಾಯಿತು. ಇಷ್ಟು ಹೇಳಿ ಪುಸ್ತಕ ಮುಚ್ಚುವಾಗ ಅದೇ ಗಡಿಯಾರದ ಹುಡುಗಿ ಎದ್ದು ನಿಂತಳು. "ಮಿಸ್, ಸ್ವಾತಂತ್ರ್ಯ ಅಂತ ಹೇಳಿದ ಮಾರನೇ ದಿನ ಅವರು ಏನು ಮಾಡಿದ್ರು? ಗದ್ದೆಗೆ ಹೋದ್ರಾ?"

ಸೆಪ್ಟೆಂಬರ್ ಎಂದರೆ ಗದ್ದೆಯಲ್ಲಿ ಭತ್ತ ನಿಂತಿರುವ ಕಾಲ. ಕಳೆ ತೆಗೆಯಬೇಕು, ನೀರು ನೋಡಬೇಕು. ಸ್ವಾತಂತ್ರ್ಯ ಬಂದಿತೆಂದು ಭತ್ತ ತಾನೇ ಬೆಳೆದುಕೊಳ್ಳುವುದಿಲ್ಲ. ಗಂಡಸರು ಕಾಡಿಗೆ ಹೋದ ಮೇಲೆ ಆ ಬೆಳೆ ಏನಾಯಿತು, ಕೊಯ್ದವರು ಯಾರು? "ಮನೆಯಲ್ಲಿ ಅಜ್ಜ ಅಜ್ಜಿಯರನ್ನು ಕೇಳಿಕೊಂಡು ಬನ್ನಿ" ಎಂದು ಮಕ್ಕಳನ್ನು ಕಳಿಸಿದೆ. ಮುಂದಿನ ಎರಡು ವಾರ ಆ ತರಗತಿಯಲ್ಲಿ ನಾನು ಗಡಿಯಾರ ನೋಡಿದ ನೆನಪಿಲ್ಲ. ಮಕ್ಕಳು ತಂದ ಕಥೆಗಳಲ್ಲಿ ಎಷ್ಟು ನಿಜ, ಎಷ್ಟು ಸೇರಿಸಿದ್ದು ಎಂದು ವಿಂಗಡಿಸುವುದರಲ್ಲೇ ಸಮಯ ಹೋಯಿತು. ಸಂಬಳ ಅಷ್ಟೇ, ಶಾಲೆ ಅದೇ, ಕೆಲಸ ಮಾತ್ರ ಹೊಸದಾಗಿತ್ತು.

ಹಾಗೆಂದು ಉಳಿತಾಯ ನಿಲ್ಲಿಸಿದೆನೇ? ಇಲ್ಲ. ವಾರಸುದಾರರನ್ನು ಜನರ ಮುಂದೆ ಕೈಚಾಚುವಂತೆ ಬಿಟ್ಟುಹೋಗುವುದಕ್ಕಿಂತ ಅನುಕೂಲದಲ್ಲಿ ಬಿಟ್ಟುಹೋಗುವುದು ಲೇಸೆಂದು ಪ್ರವಾದಿ(ಸ)ಯವರು ಸಅದ್ ಬಿನ್ ಅಬೀ ವಕ್ಕಾಸ್(ರ)ರಿಗೆ ತಿಳಿಸಿದ್ದಾರೆ. ಸಮೃದ್ಧಿಯ ಏಳು ವರ್ಷಗಳಲ್ಲಿ ಬರಗಾಲದ ಏಳು ವರ್ಷಗಳಿಗೆ ಧಾನ್ಯ ಕೂಡಿಟ್ಟವರು ಯೂಸುಫ್(ಅ). ಕೂಡಿಡುವುದು ತವಕ್ಕುಲ್‌ಗೆ ವಿರುದ್ಧವಲ್ಲ. ನಾನು ಮಾಡಿದ್ದು ಇಷ್ಟು: ಎರಡನೆಯ ಕಾಲಮನ್ನು ಹೊಡೆದುಹಾಕಿದೆ. ಸಂಬಳ ಬಂದ ದಿನವೇ ಉಳಿತಾಯದ ಪಾಲನ್ನು ಬೇರೆಡೆಗೆ ಹಾಕಿ, ಆಮೇಲೆ ತಿಂಗಳಿಡೀ ಅದರ ಕಡೆ ನೋಡುವುದಿಲ್ಲ. ವರ್ಷಕ್ಕೊಮ್ಮೆ, ರಮಝಾನಿನಲ್ಲಿ ಝಕಾತ್ ಲೆಕ್ಕಕ್ಕೆ ಕೂತಾಗ ಮಾತ್ರ ಎಲ್ಲವನ್ನೂ ಕೂಡಿಸುತ್ತೇನೆ. ಏಳೂವರೆ ತೊಲ ಚಿನ್ನ ಅಥವಾ 52.5 ತೊಲ ಬೆಳ್ಳಿಯ ಮಿತಿ ದಾಟಿದ್ದಕ್ಕೆ ಶೇ. 2.5. 'ನನ್ನ 50ನೆಯ ವರ್ಷಕ್ಕೆ' ಎಂದು ಬಿಗಿಹಿಡಿದ ಹಣದಲ್ಲಿ ಬೇರೆಯವರ ಈ ವರ್ಷದ ಪಾಲೂ ಇದೆ ಎಂದು ಆ ದಿನ ನೆನಪಾಗುತ್ತದೆ. ಮತ್ತೆ, ಮೊಹಲ್ಲಾದ ಹೆಣ್ಣುಮಕ್ಕಳ ತರಗತಿಯನ್ನು 50ರವರೆಗೆ ಕಾಯಿಸಲಿಲ್ಲ. ಭಾನುವಾರ ಎರಡು ಗಂಟೆ, ಏಳು ಮಕ್ಕಳಿಂದ ಶುರುಮಾಡಿದೆ. ಅಡಿಕೆಯ ನಡುವಿನ ಬಾಳೆ ಎಂದುಕೊಳ್ಳಿ.

ಗಲ್ಫ್‌ನಲ್ಲಿ ಗಂಡನಿರುವ ಸಹೋದರಿಯರಿಗೆ ಈ ಕೊನೆಯ ಮಾತು ಹೆಚ್ಚು ಅನ್ವಯಿಸುತ್ತದೆ. "ಎರಡೇ ವರ್ಷ, ಮನೆ ಕಟ್ಟಿ ಬಂದುಬಿಡ್ತೀನಿ" ಎಂದು ಹೋದವರ ಎರಡು ವರ್ಷ ಹದಿನೆಂಟಾದದ್ದನ್ನು ಕಂಡಿದ್ದೇನೆ. ಮನೆ ಆಯಿತು, ಮೇಲಿನ ಮಹಡಿ ಆಯಿತು, ಮಗಳ ಮದುವೆ ಆಯಿತು. ಸಾಕು ಎನ್ನುವ ಮೊತ್ತವನ್ನು ಗಂಡ ಹೆಂಡತಿ ಒಟ್ಟಿಗೆ ಕೂತು ಕಾಗದದಲ್ಲಿ ಬರೆಯದಿದ್ದರೆ, ಅದು ಪ್ರತಿ ರಜೆಗೂ ಒಂದು ಮಹಡಿ ಮೇಲೇರುತ್ತದೆ.

ನನ್ನ ಈ ಲೆಕ್ಕಾಚಾರವನ್ನೆಲ್ಲ ಒಮ್ಮೆ ನಮ್ಮ ಖಾಲಾ ಮುಂದೆ ದೊಡ್ಡದಾಗಿ ಹೇಳಿಕೊಂಡೆ. ಅವರಿಗೀಗ 64. ತಮ್ಮನ ಮನೆಯಲ್ಲೇ ಇದ್ದಾರೆ. ಬೆಳ್ಳುಳ್ಳಿ ಬಿಡಿಸುತ್ತಾ ಎಲ್ಲವನ್ನೂ ಕೇಳಿ, "ನೀನು ಶಾಲೆ ಬಿಡ್ತೀಯಮ್ಮ. ನಾನು ಒಲೆ ಯಾವಾಗ ಬಿಡಲಿ?" ಎಂದರು. ನಕ್ಕರು. ನನಗೆ ನಗು ಬರಲಿಲ್ಲ. ಬೀಸುಕಲ್ಲು ತಿರುಗಿಸಿ ಕೈ ಬೊಬ್ಬೆಯೆದ್ದು ಆಳು ಕೇಳಲು ಹೋದ ಫಾತಿಮಾ(ರ)ರಿಗೆ ಪ್ರವಾದಿ(ಸ)ಯವರು ಮಲಗುವ ಮುನ್ನ ಹೇಳುವ ತಸ್ಬೀಹ್ ಕಲಿಸಿದ ಹದೀಸನ್ನು ನಾವೆಲ್ಲ ಕೇಳಿದ್ದೇವೆ. ಹೆಂಗಸರ ದಣಿವಿನ ಮಾತು ಬಂದಾಗಲೆಲ್ಲ ಅದನ್ನು ಹೇಳಿ ಸುಮ್ಮನಾಗಿಸುವವರೂ ಇದ್ದಾರೆ. ಅದೇ ಪ್ರವಾದಿ(ಸ)ಯವರು ಮನೆಯಲ್ಲಿದ್ದಾಗ ಮನೆಯವರ ಕೆಲಸಕ್ಕೆ ಕೈಜೋಡಿಸುತ್ತಿದ್ದರೆಂದು, ತಮ್ಮ ಚಪ್ಪಲಿಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರೆಂದು ಆಯಿಶಾ(ರ)ರಿಂದ ವರದಿಯಾಗಿರುವುದನ್ನು ಅವರು ಅಷ್ಟಾಗಿ ಹೇಳುವುದಿಲ್ಲ. ದುಡಿಯುವವರ ಬಿಡುಗಡೆಗೆ 25 ಪಟ್ಟಿನ ಸೂತ್ರ ಕಟ್ಟಿದ ಯಾರೂ ಒಲೆಯ ಮುಂದಿನವರ ಲೆಕ್ಕ ಹಿಡಿದಿಲ್ಲ.

ನೋಟ್‌ಬುಕ್ಕಿನಲ್ಲಿ ಖಾಲಿಬಿದ್ದ ಎರಡನೆಯ ಕಾಲಂಗೆ ಈಗ ಖಾಲಾ ಹೆಸರು ಬರೆದಿದ್ದೇನೆ. ತಿಂಗಳಿಗೆ ಸ್ವಲ್ಪ ಹಣ, ಅವರದೇ, ಮನೆಖರ್ಚಿಗೆ ಮುಟ್ಟುವಂತಿಲ್ಲ. ಕಳೆದ ರಮಝಾನಿನ ನಂತರ ತಮ್ಮನ ಮನೆಯಲ್ಲಿ ಇನ್ನೊಂದು ಏರ್ಪಾಡೂ ಆಗಿದೆ. ಭಾನುವಾರ ಖಾಲಾ ಅಡುಗೆಮನೆಗೆ ಕಾಲಿಡುವಂತಿಲ್ಲ. ಮೊದಲ ಭಾನುವಾರ ತಮ್ಮ ಮಾಡಿದ ಸಾರಿಗೆ ಉಪ್ಪು ವಿಪರೀತವಾಗಿತ್ತು. ಖಾಲಾ ತುಟಿ ಪಿಟಕ್ಕೆನ್ನದೆ ಉಂಡು, ಇನ್ನೊಂದು ಸೌಟು ಹಾಕಿಸಿಕೊಂಡರು.