ಅದು ಹಠವಲ್ಲ, ಹೆದರಿಕೆ

ನಿನ್ನೆ ಮೊನ್ನೆಯವರೆಗೆ ನಿಮ್ಮ ನಾಲ್ಕು ವರ್ಷದ ಮಗು ನಗುನಗುತ್ತಾ ಅಂಗನವಾಡಿಗೆ ಹೋಗುತ್ತಿತ್ತು. ಈಗ ಬಾಗಿಲಲ್ಲೇ ನಿಮ್ಮನ್ನು ಬಿಗಿಯಾಗಿ ಹಿಡಿದುಕೊಂಡು ಅಳುತ್ತದೆ. ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರುವಾಗಿದೆ. ಜೊತೆಯ ಮಗುವಿಗೆ ಕಚ್ಚಿದೆಯೆಂಬ ದೂರು ಬೇರೆ! "ಮುದ್ದು ಹೆಚ್ಚಾಗಿದೆ, ಎರಡು ಪೆಟ್ಟು ಕೊಟ್ಟರೆ ಸರಿಹೋಗುತ್ತದೆ" ಎನ್ನುತ್ತಾರೆ ನೆರೆಯವರು.

ಕೈ ಎತ್ತುವ ಮೊದಲು ಸ್ವಲ್ಪ ಯೋಚಿಸಿ. ಇತ್ತೀಚೆಗೆ ಮನೆಯಲ್ಲಿ ಸಾವು ಸಂಭವಿಸಿತೇ? ಅಪಘಾತ, ನೆರೆ, ದೊಡ್ಡವರ ಜಗಳ, ಹೊಡೆತ ಬಡಿತವನ್ನು ಮಗು ಕಂಡಿತೇ? "ಚಿಕ್ಕ ಮಗು, ಅದಕ್ಕೇನು ಗೊತ್ತಾಗುತ್ತದೆ" ಎಂದು ನಾವು ಭಾವಿಸುತ್ತೇವೆ. ಆದರೆ ಮಾತಿನಲ್ಲಿ ಹೇಳಲಾಗದ ಭಯವನ್ನು ಮಗು ನಡವಳಿಕೆಯಲ್ಲಿ ತೋರಿಸುತ್ತದೆ. ಬೆಚ್ಚಿಬೀಳುವುದು, ಮಂಕಾಗಿ ಕೂರುವುದು, ಕಂಡ ಘಟನೆಯನ್ನೇ ಆಟದಲ್ಲಿ ಮತ್ತೆ ಮತ್ತೆ ಆಡುವುದು ಇವೆಲ್ಲವೂ ಆಘಾತದ ಲಕ್ಷಣಗಳಾಗಿರಬಹುದು. ಆಗ ಹೊಡೆದರೆ ಹೆದರಿದ ಮಗು ಇನ್ನಷ್ಟು ಹೆದರುತ್ತದೆ.

ಅಮೆರಿಕದಲ್ಲಿ ಒಂಬತ್ತೂವರೆ ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಒಳಗೊಂಡ ಒಂದು ಅಧ್ಯಯನ 1998ರಲ್ಲಿ ಪ್ರಕಟವಾಯಿತು. ಬಾಲ್ಯದಲ್ಲಿ ಹಿಂಸೆ, ಮನೆಯ ಕಲಹದಂತಹ ಅನುಭವಗಳು ಹೆಚ್ಚಿದಷ್ಟೂ ದೊಡ್ಡವರಾದಾಗ ಖಿನ್ನತೆ, ಹೃದ್ರೋಗ ಮುಂತಾದವುಗಳ ಅಪಾಯವೂ ಹೆಚ್ಚುವುದು ಅದರಲ್ಲಿ ಕಂಡುಬಂತು. ಹಾಗೆಂದು ಗಾಬರಿಯಾಗಬೇಡಿ. ನಂಬಿಕೆಯ ಒಬ್ಬ ಹಿರಿಯರ ಆಸರೆ ಸಿಕ್ಕರೆ ಹೆಚ್ಚಿನ ಮಕ್ಕಳು ಚೇತರಿಸಿಕೊಳ್ಳುತ್ತಾರೆ.

ಮೂರು ಮೆಟ್ಟಿಲುಗಳು

ಪುಟ್ಟ ಮಕ್ಕಳ ಶಾಲೆಗಳಲ್ಲಿ ಈ ಆಸರೆಯನ್ನು ಹೇಗೆ ಒದಗಿಸಬೇಕೆಂಬುದಕ್ಕೆ ಲೀಸ್ ಫಾಕ್ಸ್, ಮೇರಿ ಲೂಯಿಸ್ ಹೆಮ್ಮೀಟರ್ ಮೊದಲಾದ ಅಮೆರಿಕದ ತಜ್ಞರು 2003ರಲ್ಲಿ ಪಿರಮಿಡ್ ಆಕಾರದ ಒಂದು ಮಾದರಿ ನೀಡಿದರು. ಇಂದು ಅದನ್ನು ಮೂರು ಹಂತಗಳಲ್ಲಿ ವಿವರಿಸುತ್ತಾರೆ. ನಮ್ಮ ಅಂಗನವಾಡಿಗೂ ಮನೆಗೂ ಅದು ಒಗ್ಗುತ್ತದೆ.

ಮೊದಲನೆಯದು ಎಲ್ಲ ಮಕ್ಕಳಿಗೂ. ಹೆಸರು ಹಿಡಿದು ಪ್ರೀತಿಯಿಂದ ಬರಮಾಡಿಕೊಳ್ಳುವುದು, ಹಾಡು, ಊಟ, ಆಟ ದಿನವೂ ಒಂದೇ ಕ್ರಮದಲ್ಲಿ ನಡೆಯುವುದು, ಗದರದಿರುವುದು. ಮುಂದೇನು ನಡೆಯುತ್ತದೆಂದು ತಿಳಿದಿದ್ದರೆ ಮಗುವಿಗೆ ಧೈರ್ಯ. ಮನೆಯಲ್ಲೂ ಹೊತ್ತಿಗೆ ಸರಿಯಾಗಿ ಊಟ, ಕಥೆ, ಮಲಗುವ ಮುನ್ನ ದುಆ ತಪ್ಪದಿರಲಿ.

ಎರಡನೆಯದು ಕೆಲವು ಮಕ್ಕಳಿಗೆ. "ನಿನಗೆ ಹೆದರಿಕೆಯಾಗಿದೆ ಅಲ್ಲವೇ?" ಎಂದು ಆ ಭಾವನೆಗೆ ಹೆಸರು ಕೊಡಿ. ಸಿಟ್ಟು ಬಂದಾಗ ಕಚ್ಚುವ ಬದಲು ಟೀಚರನ್ನು ಕರೆಯಲು, ನಿಧಾನವಾಗಿ ಉಸಿರಾಡಲು ಕಲಿಸಿ. ಚಿತ್ರ ಬಿಡಿಸಲು, ಮಣ್ಣಿನಲ್ಲಿ ಆಡಲು ಬಿಡಿ. ನಡೆದದ್ದನ್ನು ಕೆದಕಿ ಕೆದಕಿ ಕೇಳಬೇಡಿ. ಅದಾಗಿಯೇ ಹೇಳಿದರೆ ಕೇಳಿಸಿಕೊಳ್ಳಿ.

ಮೂರನೆಯದು ಕೆಲವೇ ಮಕ್ಕಳಿಗೆ. ತಿಂಗಳು ಕಳೆದರೂ ನಿದ್ದೆ, ಊಟ, ಆಟ, ಮಾತು ಮೊದಲಿನಂತಾಗದಿದ್ದರೆ ಪರಿಣತರ ಸಹಾಯ ಬೇಕು. ಮಗು ತನಗೇ ಗಾಯ ಮಾಡಿಕೊಳ್ಳುತ್ತಿದ್ದರೆ ಅಷ್ಟು ದಿನವೂ ಕಾಯಬಾರದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯಕೀಯ ವಿಭಾಗವಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿದರೆ ಉಚಿತವಾಗಿ ಸಲಹೆ ಸಿಗುತ್ತದೆ. ಮಗುವಿನ ಮೇಲೆ ದೌರ್ಜನ್ಯ ನಡೆದಿದ್ದರೆ 1098ಕ್ಕೆ ತಿಳಿಸಿ.

ಸಾವಿನ ಮನೆಯಲ್ಲಿ ಮಗು

ತಂದೆ ತೀರಿಕೊಂಡ ಮನೆಯನ್ನು ನೆನಪಿಸಿಕೊಳ್ಳಿ. ತಾಯಿ ಇದ್ದತ್‌ನಲ್ಲಿದ್ದಾಳೆ. ಬಂದವರೆಲ್ಲ ಅವಳನ್ನು ಸಂತೈಸುತ್ತಾರೆ. ಮೂಲೆಯಲ್ಲಿ ನಿಂತ ಮಗುವನ್ನು ಯಾರೂ ಗಮನಿಸುವುದಿಲ್ಲ. ಕೇಳಿದರೆ "ಅಬ್ಬ ಮಲಗಿದ್ದಾರೆ" ಎಂದುಬಿಡುತ್ತೇವೆ. ಆ ಮಗುವಿಗೆ ಮುಂದೆ ಮಲಗುವುದೆಂದರೇ ಭಯವಾಗಬಹುದು. "ಅಬ್ಬ ತೀರಿಹೋದರು, ಇನ್ನು ಮರಳಿ ಬರುವುದಿಲ್ಲ. ಅದು ನಿನ್ನ ತಪ್ಪಲ್ಲ. ನಿನ್ನನ್ನು ನಾವೆಲ್ಲ ನೋಡಿಕೊಳ್ಳುತ್ತೇವೆ" ಎಂದು ಸರಳವಾಗಿ, ನಿಜವನ್ನೇ ಹೇಳಿ.

ಅತ್ತೆ, ಚಿಕ್ಕಮ್ಮ, ಅಜ್ಜಿ ಯಾರಾದರೊಬ್ಬರು ಆ ಮಗುವಿನ ಜವಾಬ್ದಾರಿ ವಹಿಸಿಕೊಳ್ಳಿ. ಅಂಗನವಾಡಿಗೆ ಅವರೇ ಕರೆದೊಯ್ಯಲಿ, ನಡೆದದ್ದನ್ನು ಟೀಚರ್‌ಗೆ ತಿಳಿಸಲಿ. ಮನೆಯ ವಿಷಯ ಹೊರಗೆ ಹೇಳುವುದೇಕೆಂದು ಮುಚ್ಚಿಟ್ಟರೆ ಟೀಚರ್‌ಗೆ ಕಾಣುವುದು ಮಗುವಿನ ತುಂಟತನ ಮಾತ್ರ. ತಾಯಿಯ ದುಃಖಕ್ಕೂ ಹೆಗಲು ಕೊಡಿ. ಅವಳು ಚೇತರಿಸಿಕೊಂಡಷ್ಟೂ ಮಗು ಚೇತರಿಸಿಕೊಳ್ಳುತ್ತದೆ.

ಮುಂದಿನ ಸಲ ಸಾವಿನ ಮನೆಗೆ ಹೋದಾಗ, ಹಿರಿಯರಿಗೆ ಸಾಂತ್ವನ ಹೇಳಿ ಎದ್ದು ಬರುವ ಮೊದಲು ಅಲ್ಲಿನ ಪುಟ್ಟ ಮಗು ಎಲ್ಲಿದೆಯೆಂದು ಒಮ್ಮೆ ಹುಡುಕುತ್ತೀರಲ್ಲವೇ?