ಕಂದು ಕಾಗದ ಮುಚ್ಚಿದ ಚಿತ್ರ

1918ರ ಮಾರ್ಚ್ ತಿಂಗಳು. ಲಂಡನ್ನಿನ ಲೆಸ್ಟರ್ ಗ್ಯಾಲರಿಯಲ್ಲಿ ಚಿತ್ರಪ್ರದರ್ಶನ ನೋಡಲು ಹೋದವರಿಗೆ ಒಂದು ವಿಚಿತ್ರ ಕಾದಿತ್ತು. ಗೋಡೆಯ ಮೇಲಿನ ಒಂದು ಚಿತ್ರಕ್ಕೆ ಅಡ್ಡಲಾಗಿ ಕಂದು ಕಾಗದದ ಪಟ್ಟಿ. ಅದರ ಮೇಲೆ ‘ಸೆನ್ಸಾರ್ ಆಗಿದೆ’ ಎಂಬ ಬರಹ!

ಆ ಚಿತ್ರದ ಹೆಸರು ‘ಪಾತ್ಸ್ ಆಫ್ ಗ್ಲೋರಿ’, ಎಂದರೆ ಕೀರ್ತಿಯ ಹಾದಿಗಳು. ಬರೆದವನು ಸಿ.ಆರ್.ಡಬ್ಲ್ಯೂ. ನೆವಿನ್ಸನ್. ಒಂದೂವರೆ ಅಡಿ ಎತ್ತರ, ಎರಡು ಅಡಿ ಅಗಲದ ಸಣ್ಣ ತೈಲಚಿತ್ರ. ಇಬ್ಬರು ಬ್ರಿಟಿಷ್ ಸೈನಿಕರು ಸತ್ತು ಕೆಸರಿನಲ್ಲಿ ಬೋರಲು ಬಿದ್ದಿದ್ದಾರೆ. ಪಕ್ಕದಲ್ಲಿ ಬಂದೂಕು, ಕಬ್ಬಿಣದ ಟೋಪಿ, ಹಿಂದೆ ಮುಳ್ಳುತಂತಿ. ಅಷ್ಟೇ.

ಬಣ್ಣವನ್ನು ಸ್ವಲ್ಪ ಗಮನಿಸಿ. ‘ಖಾಕಿ’ ಎಂಬ ಮಾತು ಪರ್ಷಿಯನ್ ಭಾಷೆಯ ‘ಖಾಕ್’, ಅಂದರೆ ಧೂಳು ಅಥವಾ ಮಣ್ಣು ಎಂಬುದರಿಂದ ಬಂದದ್ದು. 1840ರ ದಶಕದಲ್ಲಿ ಬ್ರಿಟಿಷರು ಪೇಶಾವರದ ಕಡೆಯ ತಮ್ಮ ಪಡೆಗೆ ಈ ಬಣ್ಣ ತೊಡಿಸಿದ್ದು ಶತ್ರುವಿನ ಕಣ್ಣಿಗೆ ಬೀಳದಿರಲಿ ಎಂದು. ಮಿಡತೆ ಹುಲ್ಲಿನಲ್ಲಿ ಮರೆಯಾಗುವ ಉಪಾಯವೇ ಇದು. ನೆವಿನ್ಸನ್‌ನ ಚಿತ್ರದಲ್ಲಿ ಸಮವಸ್ತ್ರಕ್ಕೂ ಕೆಸರಿಗೂ ಹೆಚ್ಚು ವ್ಯತ್ಯಾಸವೇ ಇಲ್ಲ. ಮನುಷ್ಯ ಎಲ್ಲಿ ಮುಗಿದ, ಮಣ್ಣು ಎಲ್ಲಿ ಶುರುವಾಯಿತು ಎಂದು ಹುಡುಕಬೇಕು.

ಈ ಕಲಾವಿದ ಮೊದಲು ಯಂತ್ರ, ವೇಗಗಳನ್ನು ಹೊಗಳುತ್ತಿದ್ದವರ ಗುಂಪಿನವನು. 1914ರಲ್ಲಿ ಅವರ ಪರವಾಗಿ ಘೋಷಣಾಪತ್ರಕ್ಕೆ ಸಹಿಯನ್ನೂ ಹಾಕಿದ್ದ. (ಅವನ ತಂದೆ ಹೆನ್ರಿ ನೆವಿನ್ಸನ್ ಪತ್ರಕರ್ತ, 1907ರ ಸೂರತ್ ಕಾಂಗ್ರೆಸ್ ಅಧಿವೇಶನದ ಗಲಾಟೆಯನ್ನು ಕಣ್ಣಾರೆ ಕಂಡು ಬರೆದವನು.) ಯುದ್ಧ ಶುರುವಾದ ವರ್ಷವೇ ಮಗ ಫ್ರಾನ್ಸಿನ ಡನ್‌ಕರ್ಕ್‌ಗೆ ಹೋಗಿ ಗಾಯಾಳುಗಳ ಸೇವೆ ಮಾಡಿದ. ಆಗ ಕಂಡದ್ದು ಅವನ ಮನಸ್ಸಿನಿಂದ ಹೋಗಲಿಲ್ಲ. 1915ರಲ್ಲಿ ಅವನು ಬರೆದ ಸೈನಿಕರು ಯಂತ್ರದ ಬಿಡಿಭಾಗಗಳಂತೆ ಮೂಲೆಮೂಲೆಯಾಗಿದ್ದರು. 1917ರಲ್ಲಿ ಈ ಇಬ್ಬರನ್ನು ಬರೆಯುವಾಗ ಆ ಚಮತ್ಕಾರಗಳನ್ನೆಲ್ಲ ಬಿಟ್ಟುಬಿಟ್ಟ.

ಅಷ್ಟರಲ್ಲಿ ಅವನು ಸರ್ಕಾರವೇ ನೇಮಿಸಿದ ಯುದ್ಧ ಚಿತ್ರಕಾರ. ಆದರೂ ಚಿತ್ರಕ್ಕೆ ಅನುಮತಿ ಸಿಗಲಿಲ್ಲ. ತಮ್ಮವರ ಹೆಣ ನೋಡಿದರೆ ಊರಿನಲ್ಲಿರುವವರ ಧೈರ್ಯ ಕುಗ್ಗುತ್ತದೆ ಎಂಬುದು ಅಧಿಕಾರಿಗಳ ವಾದ. ಮಗನನ್ನು ಯುದ್ಧಕ್ಕೆ ಕಳಿಸಿದ ತಾಯಿಯನ್ನು ನೆನೆದರೆ ಈ ವಾದವನ್ನು ಪೂರ್ತಿ ತಳ್ಳಿಹಾಕುವುದು ಕಷ್ಟ. ಆದರೆ ಅದೇ ವರ್ಷ ಅದೇ ಲಂಡನ್ನಿನಲ್ಲಿ ವಿಲಿಯಂ ಆರ್ಪೆನ್ ಬರೆದ, ಕಂದಕದಲ್ಲಿ ಸತ್ತುಬಿದ್ದ ಜರ್ಮನ್ ಸೈನಿಕರ ಚಿತ್ರ ಪ್ರದರ್ಶನಕ್ಕೆ ಬಂತು! ಅವರಿಗೂ ತಾಯಂದಿರಿದ್ದರಲ್ಲವೇ?

ನೆವಿನ್ಸನ್‌ಗೆ ಛೀಮಾರಿ ಬಿತ್ತು. ನಿಷೇಧಿಸಿದ ಚಿತ್ರವನ್ನು ತೂಗುಹಾಕಿದ್ದಕ್ಕೆ ಒಂದು. ‘ಸೆನ್ಸಾರ್’ ಎಂಬ ಪದವನ್ನು ಅನುಮತಿಯಿಲ್ಲದೆ ಬಳಸಿದ್ದಕ್ಕೆ ಇನ್ನೊಂದು. ಆ ಚಿತ್ರ ಈಗ ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂ ಸಂಗ್ರಹದಲ್ಲಿದೆ.

ಮಕ್ಕಳಿಗೆ ಇದನ್ನು ತೋರಿಸಬಹುದೇ ಎಂದು ತಂದೆತಾಯಂದಿರು ಕೇಳಬಹುದು. ಹೈಸ್ಕೂಲು ಮಕ್ಕಳಿಗೆ ಧಾರಾಳವಾಗಿ ತೋರಿಸಬಹುದು ಎಂದು ನನ್ನ ಅಭಿಪ್ರಾಯ. ಪಠ್ಯದಲ್ಲಿ ಮೊದಲನೆಯ ಮಹಾಯುದ್ಧ ಎಂದರೆ ಅವರಿಗೆ ಕಾರಣಗಳು, ಪರಿಣಾಮಗಳು, ನಾಲ್ಕು ಅಂಕ. ಚಿತ್ರ ತೋರಿಸಿ, ಇವರಿಬ್ಬರ ಮುಖವನ್ನು ಚಿತ್ರಕಾರ ಏಕೆ ಕಾಣಿಸಲಿಲ್ಲ ಎಂದು ಕೇಳಿ. ಉತ್ತರವನ್ನು ಅವರೇ ಹೇಳಲಿ.